ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಪಾಠ ಕಟ್ಟುವುದು ಹೇಗೆ: ಪ್ರಶ್ನೆ, ಸಾಕ್ಷಿ, ನಲವತ್ತು ನಿಮಿಷ

ಬೋರ್ಡಿನ ಮೇಲೆ ಎರಡು ಇಸವಿ ಬರೆಯಿರಿ. 1824, ಕಿತ್ತೂರಿನ ಯುದ್ಧ. 1848, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು. ಆಮೇಲೆ ಹತ್ತನೇ ತರಗತಿಯ ಮಕ್ಕಳನ್ನು ಕೇಳಿ: "ಕಿತ್ತೂರಿನ ವಿಷಯದಲ್ಲಿ ಈಸ್ಟ್ ಇಂಡಿಯಾ ಕಂಪನಿ ಯಾಕೆ ತಲೆ ಹಾಕಿತು?" ಅರ್ಧ ಕ್ಲಾಸು ಒಟ್ಟಿಗೆ ಹೇಳುತ್ತದೆ, "ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನೋ ನೀತಿ, ಸರ್." ಆ ನೀತಿ ಯಾರದು? "ಡಾಲ್‌ಹೌಸಿ." ಈಗ ಏನೂ ಹೇಳದೆ ಬೋರ್ಡಿನ ಕಡೆ ಕೈ ತೋರಿಸಿ. ಸ್ವಲ್ಪ ಹೊತ್ತಿಗೆ ಯಾವುದೋ ಬೆಂಚಿನಿಂದ ಬರುತ್ತದೆ: "ಅದು ಹೆಂಗೆ ಸರ್? ಇಪ್ಪತ್ನಾಲ್ಕು ವರ್ಷ ಮೊದಲೇ?"

ಇತಿಹಾಸ ಪಾಠದ ತಯಾರಿ ಅಂದರೆ ಈ "ಹೆಂಗೆ ಸರ್" ಅನ್ನುವ ಮಾತು ತಾನಾಗಿ ಹೊರಡುವ ಹಾಗೆ ಪೀರಿಯಡನ್ನು ಕಟ್ಟುವುದು. ಉತ್ತರವೂ ಸ್ವಾರಸ್ಯವಾಗಿದೆ. 1818ರಲ್ಲಿ ಪೇಶ್ವೆ ಸೋತ ಮೇಲೆ ಕಿತ್ತೂರು ಕಂಪನಿಯ ಅಧೀನಕ್ಕೆ ಬಂದಿತ್ತು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡ ವಿಷಯ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರ ಬರೆದು ತಿಳಿಸಿದರು. ಅವನು ಆ ಪತ್ರವನ್ನೇ ನಂಬಲಿಲ್ಲ. ಖಜಾನೆಗೆ ಬೀಗಮುದ್ರೆ ಹಾಕಿಸಿದ. ಅಂದರೆ ಅಲ್ಲೊಂದು ಇಲ್ಲೊಂದು ಕಡೆ ಕಂಪನಿ ಮೊದಲೇ ಮಾಡುತ್ತಿದ್ದ ಕೆಲಸವನ್ನು ಡಾಲ್‌ಹೌಸಿ ಆಮೇಲೆ ಹಟ ಹಿಡಿದು ಎಲ್ಲ ಕಡೆ ಜಾರಿಗೆ ತಂದ. ಇಷ್ಟು ಅರ್ಥವಾದ ಮಗು ಎರಡು ಪಾಠಗಳನ್ನು ಒಟ್ಟಿಗೆ ಕಲಿತ ಹಾಗಾಯಿತು. ಇಸವಿಯನ್ನು ಯಾಕೆ ನೆನಪಿಡಬೇಕು ಅನ್ನುವುದೂ ಅದಕ್ಕೆ ಗೊತ್ತಾಯಿತು.

ಒಳ್ಳೆಯ ಇತಿಹಾಸ ಪಾಠಕ್ಕೆ ಕಥೆ ಹೇಳುವ ಕಲೆ ಬೇಕು ಅಂತ ತುಂಬಾ ಜನ ಹೇಳುತ್ತಾರೆ. ಬೇಕು, ನಿಜ. ಆದರೆ ಅದೊಂದೇ ಸಾಲದು. ಚೆನ್ನಾಗಿ ಕಥೆ ಹೇಳುವ ಮೇಷ್ಟ್ರ ಕ್ಲಾಸಿನಲ್ಲಿ ಮಕ್ಕಳು ಖುಷಿಯಿಂದ ಕೇಳುತ್ತಾರೆ, ಬೆಲ್ ಹೊಡೆದ ಮೇಲೆ ಮರೆಯುತ್ತಾರೆ. ಮಗುವಿನ ಕೈಗೆ ಒಂದು ಸಾಕ್ಷಿ ಕೊಟ್ಟು, "ಇದನ್ನು ನೋಡಿ ನೀನೇ ಹೇಳು" ಅಂದಾಗ ಮಾತ್ರ ಇತಿಹಾಸ ಅದರದ್ದಾಗುತ್ತದೆ. ಈ ಬರಹದಲ್ಲಿ ಆ ತಯಾರಿಯ ದಾರಿ ಇದೆ. ಎಂಟು, ಒಂಬತ್ತು, ಹತ್ತನೇ ತರಗತಿಗೆ ಕಲಿಸುವ ಶಿಕ್ಷಕರನ್ನೂ ಬಿ.ಎಡ್ ಮಾಡುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ವರ್ಷದ ಲೆಕ್ಕ

ಪಾಠಯೋಜನೆಗೂ ಮೊದಲು ಕ್ಯಾಲೆಂಡರ್ ತೆಗೆಯಿರಿ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಇವೆ. ದಸರಾ ರಜೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ತರಬೇತಿ, ಚುನಾವಣೆ ಡ್ಯೂಟಿ ಕಳೆದರೆ ಇತಿಹಾಸಕ್ಕೆ ಉಳಿಯುವ ಪೀರಿಯಡ್‌ಗಳು ಬೆರಳೆಣಿಕೆ. ಎಲ್ಲ ಪಾಠವನ್ನೂ ಆಳವಾಗಿ ಮಾಡುತ್ತೇನೆ ಅಂತ ಹೊರಟರೆ ನವೆಂಬರಿಗೇ ಸುಸ್ತು.

ಹಾಗಾಗಿ ವರ್ಷಕ್ಕೆ ಐದಾರು ಪಾಠಗಳನ್ನು ಆರಿಸಿಕೊಳ್ಳಿ. ಅವಕ್ಕೆ ಮಾತ್ರ ಪೂರ್ತಿ ತಯಾರಿ. ಉಳಿದವನ್ನು ಎಂದಿನ ಹಾಗೆ, ಒಂದು ಒಳ್ಳೆಯ ಪ್ರಶ್ನೆ ಸೇರಿಸಿ ಮುಗಿಸಿದರೂ ಸಾಕು. ಯಾವುದನ್ನು ಆರಿಸಬೇಕು? ನಿಮ್ಮ ಊರು, ತಾಲೂಕಿಗೆ ಸಂಬಂಧ ಇರುವುದು ಮೊದಲು. ಪ್ರತಿವರ್ಷ ಮಕ್ಕಳು ಗೊಂದಲ ಮಾಡಿಕೊಳ್ಳುವುದು ಎರಡನೆಯದು, ಮೇಲಿನ ಡಾಲ್‌ಹೌಸಿ ಹಾಗೆ. ಮೂರನೆಯದಾಗಿ, ಸಾಮಗ್ರಿ ಸುಲಭವಾಗಿ ಸಿಗುವುದು. ಸಾಮಗ್ರಿ ಇಲ್ಲದ ಪಾಠಕ್ಕೆ ಒದ್ದಾಡಬೇಡಿ.

ಪ್ರಶ್ನೆ ಹುಡುಕುವುದು

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಅರ್ಧ ಸಮಯ ಇದಕ್ಕೇ ಹೋದರೂ ನಷ್ಟವಿಲ್ಲ.

"ಕದಂಬರ ಕೊಡುಗೆಗಳನ್ನು ತಿಳಿಸಿ" ಅನ್ನುವುದು ಪರೀಕ್ಷೆಯ ಪ್ರಶ್ನೆ, ಪೀರಿಯಡ್ ಕಟ್ಟುವ ಪ್ರಶ್ನೆ ಅಲ್ಲ. ಉತ್ತರ ಪುಸ್ತಕದ ಒಂದು ಪ್ಯಾರಾದಲ್ಲಿ ಸಿದ್ಧವಾಗಿರುತ್ತದೆ. ಮಗು ಅದನ್ನು ಹುಡುಕಿ ಬರೆಯುತ್ತದೆ, ಯೋಚಿಸುವುದಿಲ್ಲ. ಪೀರಿಯಡ್ ಪೂರ್ತಿ ಎಳೆದುಕೊಂಡು ಹೋಗುವ ಪ್ರಶ್ನೆಗೆ ಒಂದು ವಿಚಿತ್ರ ಇರಬೇಕು. ಎರಡು ಸಂಗತಿ ಒಂದಕ್ಕೊಂದು ಹೊಂದದ ಹಾಗೆ ಕಾಣಬೇಕು. ಇಲ್ಲವಾದರೆ ಮಗುವಿನ ಸ್ವಂತ ಊರಿಗೆ ಬಂದು ತಾಗಬೇಕು.

ಎಂಟನೇ ತರಗತಿಯ ಗಂಗರ ಪಾಠ ತೆಗೆದುಕೊಳ್ಳಿ. ದೊರೆಗಳ ಹೆಸರಿನ ಸಾಲು ನೋಡಿದರೇ ಮಕ್ಕಳಿಗೆ ನಿದ್ದೆ. ಅಲ್ಲಿ ಈ ಪ್ರಶ್ನೆ ಇಡಿ: "ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಯಾಕೆ ಕಲ್ಲು ನಿಲ್ಲಿಸಿದರು?" ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ಅದು. ಕಾಲ ಸುಮಾರು 949. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ. ಗಂಗರ ಇಮ್ಮಡಿ ಬೂತುಗ ಕೃಷ್ಣನ ಕಡೆ. ಬೂತುಗನ ಸೇವಕ ಮಣಲೇರ ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಜಮೀನು ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವ ಚಿತ್ರವೂ ಇದೆ.

ಈ ಕಥೆಯಲ್ಲಿ ಪಾಠದ ಮುಖ್ಯ ವಿಷಯ ಎಲ್ಲ ಇದೆ ಅನ್ನುವುದನ್ನು ಗಮನಿಸಿ. ಗಂಗರು ರಾಷ್ಟ್ರಕೂಟರ ಕಡೆ ಯಾಕೆ ನಿಂತರು? ಒಡೆಯ ಮತ್ತು ಸೇವಕನ ಸಂಬಂಧ ಹೇಗಿತ್ತು? ದಾನ ಅಂದರೆ ಏನು? ಪೂಜೆಗೆ ಬಿಟ್ಟ ಜಮೀನನ್ನು ಯಾರು ಉಳುತ್ತಿದ್ದರು? ನಾಯಿಯ ಹಿಂದೆ ಹೋದ ಮಕ್ಕಳು ಗಂಗರ ರಾಜ್ಯಕ್ಕೇ ಬಂದು ತಲುಪುತ್ತಾರೆ.

ಊರಿಗೆ ತಾಗುವ ಪ್ರಶ್ನೆಗೂ ಒಂದು ಉದಾಹರಣೆ. ಏಕೀಕರಣದ ಪಾಠಕ್ಕೆ, "1950ರಲ್ಲಿ ನಮ್ಮ ಊರು ಯಾವ ರಾಜ್ಯದಲ್ಲಿತ್ತು?" ಬೆಳಗಾವಿಯ ಮಗುವಿಗೆ ಉತ್ತರ ಬಾಂಬೆ, ಕಲಬುರಗಿಯ ಮಗುವಿಗೆ ಹೈದರಾಬಾದ್, ಮಂಗಳೂರು ಮತ್ತು ಬಳ್ಳಾರಿಯ ಮಗುವಿಗೆ ಮದ್ರಾಸ್, ಮಡಿಕೇರಿಯ ಮಗುವಿಗೆ ಕೊಡಗು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದು ಸೇರಿತು, ಉಳಿದವು 1956ರ ನವೆಂಬರ್ 1ಕ್ಕೆ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರಿನ ಶಾಲೆಯಲ್ಲಾದರೆ ಇನ್ನೂ ಗಟ್ಟಿ ಪ್ರಶ್ನೆ ಇದೆ: "1947ರ ಆಗಸ್ಟ್ 15ರಂದು ನಮ್ಮೂರಿಗೆ ಸ್ವಾತಂತ್ರ್ಯ ಬಂದಿತ್ತಾ?" ಬಂದಿರಲಿಲ್ಲ. ಅದಕ್ಕೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಆ ದಿನ ಸಂಜೆಯೇ ಮಾತು ಶುರುವಾಗುತ್ತದೆ.

ಪ್ರಶ್ನೆ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ. ಮನೆಯಲ್ಲಿ ಊಟ ಮಾಡುವಾಗ ಯಾರನ್ನಾದರೂ ಕೇಳಿ. ಅವರು ತಟ್ಟೆಯಿಂದ ತಲೆ ಎತ್ತಿ "ಹೌದಾ? ಯಾಕೆ?" ಅಂದರೆ ಪ್ರಶ್ನೆ ಸರಿ ಇದೆ.

ಸಾಕ್ಷಿ ಎಲ್ಲಿಂದ ತರುವುದು

ಮೊದಲು ಪುಸ್ತಕದಲ್ಲೇ ನೋಡಿ. ಪಠ್ಯದಲ್ಲಿರುವ ಚಿತ್ರಗಳನ್ನು ಯಾರೂ ಓದುವುದಿಲ್ಲ, ಸುಮ್ನೆ ಪುಟ ತಿರುಗಿಸುತ್ತಾರೆ. ಒಂದು ಚಿತ್ರಕ್ಕೆ ಐದು ನಿಮಿಷ ಕೊಟ್ಟು, ಏನೇನು ಕಾಣುತ್ತಿದೆ ಅಂತ ಬರೆಸಿದರೂ ಅದು ಸಾಕ್ಷಿಯೇ.

ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಕೆಲಸ ಅದು. ತಾಲೂಕುವಾರು ಜೋಡಿಸಿರುವುದರಿಂದ ನಿಮ್ಮ ತಾಲೂಕಿನ ಶಾಸನ ಹುಡುಕುವುದು ಕಷ್ಟವಲ್ಲ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಜಿಲ್ಲಾ ಗ್ಯಾಸೆಟಿಯರ್ ಮತ್ತೊಂದು ಒಳ್ಳೆಯ ಮೂಲ. ಬರ, ಸಂತೆ, ಬೆಳೆ, ರಸ್ತೆ, ದಂಗೆ ಎಲ್ಲದರ ವಿವರ ಅದರಲ್ಲಿರುತ್ತದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ.

ತುಂಬಾ ಹತ್ತಿರದ ಮೂಲ ಯಾವುದು ಗೊತ್ತಾ? ನಿಮ್ಮ ಶಾಲೆಯ ಹಳೆಯ ದಾಖಲಾತಿ ವಹಿ. ಹೆಡ್‌ಮಾಸ್ಟರ ಬೀರುವಿನಲ್ಲಿರುತ್ತದೆ. ಸಮಾಜ ಸುಧಾರಣೆ, ಹೆಣ್ಣುಮಕ್ಕಳ ಶಿಕ್ಷಣದ ಪಾಠ ಮಾಡುವಾಗ, ಹತ್ತು ಹತ್ತು ವರ್ಷಕ್ಕೊಮ್ಮೆ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಸೇರಿದರು ಅಂತ ಒಂದು ಪಟ್ಟಿ ಮಾಡಿ ಕೊಡಿ. ಯಾವ ದಶಕದಲ್ಲಿ ಹುಡುಗಿಯರ ಸಂಖ್ಯೆ ಏರಿತು? ಯಾಕಿರಬಹುದು? ಬಸ್ ಬಂತಾ, ಹಾಸ್ಟೆಲ್ ಬಂತಾ, ಬಿಸಿಯೂಟ ಬಂತಾ? ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ವಹಿಯನ್ನೇ ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಹೆಸರು, ಜಾತಿ, ತಂದೆಯ ಕಸುಬು ಎಲ್ಲ ಇರುತ್ತದೆ. ಯಾರದೋ ಅಜ್ಜಿ ಎರಡನೇ ತರಗತಿಗೇ ಶಾಲೆ ಬಿಟ್ಟದ್ದು ಇಡೀ ಕ್ಲಾಸಿಗೆ ತಿಳಿಯಬೇಕಾಗಿಲ್ಲ. ನೀವೇ ಕೂತು ಅಂಕಿಗಳನ್ನು ಮಾತ್ರ ಬರೆದುಕೊಳ್ಳಿ.

ಸಾಕ್ಷಿ ಯಾವುದೇ ಇರಲಿ, ಮಕ್ಕಳಿಗೆ ಕೊಡುವುದು ಎಂಟು ಹತ್ತು ಸಾಲು ದಾಟಬಾರದು. ಹಳೆಗನ್ನಡ ಇದ್ದರೆ ಒಂದೆರಡು ಸಾಲು ಹಾಗೇ ಬಿಟ್ಟು, ಉಳಿದದ್ದನ್ನು ಸರಳ ಕನ್ನಡದಲ್ಲಿ ಬರೆಯಿರಿ. ಮೇಲ್ಗಡೆ ಮೂರು ವಿಷಯ ತಪ್ಪದೆ ಇರಲಿ: ಯಾರು ಬರೆದದ್ದು, ಯಾವಾಗ, ಯಾರಿಗಾಗಿ. ಇಬ್ಬರಿಗೆ ಒಂದು ಜೆರಾಕ್ಸ್ ಸಾಕು. ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟರೆ ಮಾತಾಡದೆ ಕೂರುತ್ತಾರೆ. ಒಂದೇ ಹಾಳೆಗೆ ಇಬ್ಬರು ಬಗ್ಗಿದಾಗ ತಾನಾಗೇ ಮಾತು ಹುಟ್ಟುತ್ತದೆ. ಜೆರಾಕ್ಸಿಗೂ ದುಡ್ಡಿಲ್ಲದಿದ್ದರೆ ಡ್ರಾಯಿಂಗ್ ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸ್ಮಾರ್ಟ್ ಕ್ಲಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರತೆ ಏನಿಲ್ಲ.

ನಲವತ್ತು ನಿಮಿಷವನ್ನು ಹಂಚುವುದು

ಮೊದಲ ಐದು ನಿಮಿಷ ಪ್ರಶ್ನೆಗೆ. ಹಿಂದಿನ ಪಾಠದ ಪುನರಾವರ್ತನೆ ಬೇಡ, ನೇರವಾಗಿ ವಿಚಿತ್ರದಿಂದ ಶುರು ಮಾಡಿ. ಆಮೇಲೆ ಹನ್ನೆರಡು ಹದಿನೈದು ನಿಮಿಷ ಮಕ್ಕಳು ಜೋಡಿಯಾಗಿ ಸಾಕ್ಷಿ ನೋಡಲಿ. ಹತ್ತು ನಿಮಿಷ ಚರ್ಚೆ. ನಿಮ್ಮ ವಿವರಣೆ ಬರುವುದು ಈಗ, ಏಳೆಂಟು ನಿಮಿಷ. ಕೊನೆಯ ಐದು ನಿಮಿಷ ಬರವಣಿಗೆ.

ವಿವರಣೆಯನ್ನು ಹಿಂದಕ್ಕೆ ಹಾಕಿರುವುದನ್ನು ನೋಡಿದಿರಲ್ವಾ? ಮಕ್ಕಳು ಸಾಕ್ಷಿಯ ಜೊತೆ ಒದ್ದಾಡಿದ ಮೇಲೆ ನೀವು ಹೇಳುವ ಎಂಟು ನಿಮಿಷ, ಮೊದಲೇ ಹೇಳುವ ಮೂವತ್ತು ನಿಮಿಷಕ್ಕಿಂತ ಜಾಸ್ತಿ ಇಳಿಯುತ್ತದೆ. ಅವರಿಗೆ ಆಗ ಉತ್ತರ ಬೇಕಾಗಿರುತ್ತದೆ.

ಪಾಠಯೋಜನೆ ಪುಸ್ತಕದಲ್ಲಿ ಐದು ಹಂತಗಳ 5ಇ ಮಾದರಿಯಲ್ಲಿ ಬರೆಯಬೇಕಾದವರಿಗೆ ತೊಂದರೆ ಇಲ್ಲ. ಪ್ರಶ್ನೆ ತೊಡಗಿಸಿಕೊಳ್ಳುವ ಹಂತಕ್ಕೆ, ಸಾಕ್ಷಿ ಪರಿಶೋಧನೆಗೆ, ನಿಮ್ಮ ಮಾತು ವಿವರಣೆಗೆ, ಚರ್ಚೆಯಲ್ಲಿ ಉಳಿದದ್ದು ವಿಸ್ತರಣೆಗೆ, ಕೊನೆಯ ಬರವಣಿಗೆ ಮೌಲ್ಯಮಾಪನಕ್ಕೆ ಹೋಗುತ್ತದೆ.

ಓದಲು ಕಷ್ಟಪಡುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರನ್ನು ಚೆನ್ನಾಗಿ ಓದುವವರ ಜೊತೆ ಕೂರಿಸಿದರೆ ಸಾಲದು, ಕೆಲಸ ಹಂಚಬೇಕು. ಒಬ್ಬರು ಓದುವುದು, ಇನ್ನೊಬ್ಬರು ಸಾಕ್ಷಿಯಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳುವುದು. ಅಕ್ಷರದಲ್ಲಿ ಹಿಂದಿದ್ದು, ಕಣ್ಣು ಬಹಳ ಚುರುಕಾಗಿರುವ ಮಕ್ಕಳು ಎಷ್ಟೋ ಇದ್ದಾರೆ. ಅವರಿಗೆ ಇತಿಹಾಸದ ಕ್ಲಾಸಿನಲ್ಲಿ ಮುಂದೆ ಬರುವ ಅವಕಾಶ ಸಿಗಲೇಬೇಕು.

ಒಂದು ಪೀರಿಯಡ್ ಪೂರ್ತಿ: ಹಲಗಲಿ

ಹತ್ತನೇ ತರಗತಿಯಲ್ಲಿ ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದ ಪ್ರತಿರೋಧದ ಪಾಠ ಇದೆ. ಅದರಲ್ಲಿ ಹಲಗಲಿ ಬೇಡರಿಗೆ ಸಿಗುವುದು ಕೆಲವೇ ಸಾಲು. ಅದೇ ಮಕ್ಕಳು ಕನ್ನಡ ಪ್ರಥಮ ಭಾಷೆಯಲ್ಲಿ ಹಲಗಲಿ ಬೇಡರ ಲಾವಣಿ ಓದುತ್ತಾರೆ. ಒಂದೇ ಘಟನೆ ಎರಡು ಪುಸ್ತಕದಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವವರು ಮಾತ್ರ ಕಡಿಮೆ. ಕನ್ನಡ ಮೇಡಂ ಯಾವ ವಾರ ಲಾವಣಿ ಮಾಡುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಕೇಳಿಕೊಳ್ಳಿ. ಅದರ ಮುಂದಿನ ವಾರ ನಿಮ್ಮದು.

ಕ್ಲಾಸಿಗೆ ಹೋಗಿ ಒಂದು ಆಜ್ಞೆ ಓದಿ. "ಇನ್ನು ಏಳು ದಿನದೊಳಗೆ ಮನೆಯಲ್ಲಿರುವ ಕೊಡಲಿ, ಕುಡುಗೋಲು, ಮಚ್ಚು ಎಲ್ಲವನ್ನೂ ಠಾಣೆಗೆ ಒಪ್ಪಿಸಬೇಕು. ತಪ್ಪಿದರೆ ಶಿಕ್ಷೆ." ಮಕ್ಕಳು ಸುಮ್ನಿರುವುದಿಲ್ಲ. "ಸರ್, ಅಪ್ಪ ಹೊಲಕ್ಕೆ ಏನ್ ತಗೊಂಡ್ ಹೋಗ್ಬೇಕು?" "ಕಾಯಿ ಸುಲಿಯೋದು ಹೆಂಗೆ?" "ಹಂದಿ ಬಂದ್ರೆ?" ಅವರ ಆಕ್ಷೇಪಗಳನ್ನು ಅವರದೇ ಮಾತಿನಲ್ಲಿ ಬೋರ್ಡಿನ ಒಂದು ಮೂಲೆಯಲ್ಲಿ ಬರೆಯಿರಿ. ಆಮೇಲೆ ಹೇಳಿ: ಈ ಆಜ್ಞೆ ನಾನು ಕಟ್ಟಿದ್ದು, ಆದರೆ 1857ರಲ್ಲಿ ಇಂಥದೇ ಒಂದು ಹುಕುಂ ಮುಧೋಳ ಸಂಸ್ಥಾನದ ಹಲಗಲಿಗೆ ನಿಜವಾಗಿ ಬಂತು. ಅಲ್ಲಿನ ಬೇಡರಿಗೆ ಆಯುಧವೇ ಬದುಕು.

ಪ್ರಶ್ನೆ: "ಹಲಗಲಿಯಲ್ಲಿ ಏನು ನಡೆಯಿತು, ಯಾರು ಕಳೆದುಕೊಂಡದ್ದು ಏನು?"

ಈಗ ಸಾಕ್ಷಿ. ಒಂದನೆಯದು ಸಮಾಜ ವಿಜ್ಞಾನ ಪುಸ್ತಕದ ಪ್ಯಾರಾ. ಎರಡನೆಯದು ಲಾವಣಿಯಿಂದ ನೀವು ಆರಿಸಿದ ಸಾಲುಗಳು. ಗ್ಯಾಸೆಟಿಯರ್ ಸಿಕ್ಕರೆ ಅದರ ಸಾರಾಂಶ ಮೂರನೆಯದು. ಪ್ರತಿ ಜೋಡಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಲಿ: ಯಾರ ಹೆಸರುಗಳಿವೆ? ಏನು ಹಾಳಾಯಿತು? ಎರಡರಲ್ಲೂ ಇಲ್ಲದ್ದು ಏನು?

ಹೆಸರುಗಳು ಮೊದಲು ಸಿಗುತ್ತವೆ. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಆಯುಧ ಕೊಡುವುದಿಲ್ಲ ಅಂತ ಗಟ್ಟಿ ನಿರ್ಧಾರ ಮಾಡುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಸಾಮಾನುಗಳ ಪಟ್ಟಿಗೆ ಬರುತ್ತಾರೆ. ದಂಡು ಊರಿಗೆ ನುಗ್ಗಿ ಏನೇನು ದೋಚಿತು ಅನ್ನುವುದನ್ನು ಲಾವಣಿಕಾರ ಒಂದೊಂದಾಗಿ ಹೇಳುತ್ತಾನೆ. ದನಕರು, ಹಾಲು, ಬೆಣ್ಣೆ, ಉಪ್ಪು, ಎಣ್ಣೆಯಿಂದ ಹಿಡಿದು ಮಂಗಳಸೂತ್ರದವರೆಗೆ. ಕೊನೆಗೆ ಊರಿಗೇ ಬೆಂಕಿ. ಇಲ್ಲಿ ನಿಲ್ಲಿಸಿ ಕೇಳಿ: "ಉಪ್ಪು, ಎಣ್ಣೆ ಹೋದದ್ದನ್ನು ಯಾಕೆ ಹಾಡಬೇಕು? ಸರ್ಕಾರದ ವರದಿಯಲ್ಲಿ ಇದು ಇರುತ್ತಾ?" ಮಕ್ಕಳು ಹೇಳುವ ಉತ್ತರವನ್ನು ತಿದ್ದಲು ಅವಸರ ಮಾಡಬೇಡಿ. ದಂಡಿನವರಿಗೆ ಅದು ಒಂದು ದಿನದ ಕೆಲಸ, ಊರಿನವರಿಗೆ ಅದು ಅಡುಗೆಮನೆ ಅನ್ನುವ ಕಡೆಗೆ ಅವರೇ ಬರುತ್ತಾರೆ.

ಆದರೆ ಚರ್ಚೆ "ಲಾವಣಿ ನಿಜ, ಉಳಿದದ್ದು ಸುಳ್ಳು" ಅನ್ನುವಲ್ಲಿಗೆ ಮುಗಿಯಬಾರದು. ಲಾವಣಿಗೂ ಒಂದು ಪಕ್ಷ ಇದೆ. ಅದು ಹಾಡಲು ಕಟ್ಟಿದ್ದು, ಕೇಳುವವರ ಮನಸ್ಸು ಕಲಕಲು ಕಟ್ಟಿದ್ದು. ಕಟ್ಟಿದವನು ಕಣ್ಣಾರೆ ಕಂಡಿದ್ದನಾ, ಕೇಳಿ ಕಟ್ಟಿದನಾ? ಇನ್ನೊಂದು ಸಂಗತಿಯನ್ನೂ ತಿಳಿಸಿ. 1880ರ ದಶಕದಲ್ಲಿ ಈ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ! ತಮ್ಮ ಸರ್ಕಾರದ ವಿರುದ್ಧ ಇರುವ ಹಾಡನ್ನು ಅವನು ಯಾಕೆ ಉಳಿಸಿದ? ಈ ಪ್ರಶ್ನೆಗೆ ಕ್ಲಾಸಿನಲ್ಲಿ ಉತ್ತರ ಸಿಗದೆ ಹೋಗಲಿ, ಪರವಾಗಿಲ್ಲ.

ಮೂರನೇ ಕಾಲಂ, ಎರಡರಲ್ಲೂ ಇಲ್ಲದ್ದು, ಇದೇ ನನಗೆ ತುಂಬಾ ಇಷ್ಟದ್ದು. ಉಳಿದವರು ಆಮೇಲೆ ಎಲ್ಲಿ ಹೋದರು? ಹೆಂಗಸರ ಹೆಸರು ಯಾಕಿಲ್ಲ? ಮಗು ಇತಿಹಾಸದಲ್ಲಿರುವ ಖಾಲಿ ಜಾಗವನ್ನು ನೋಡಲು ಕಲಿಯುವುದು ಇಲ್ಲೇ.

ನಿಮ್ಮ ಎಂಟು ನಿಮಿಷದಲ್ಲಿ ಹಲಗಲಿಯನ್ನು ದೊಡ್ಡ ಚಿತ್ರಕ್ಕೆ ಸೇರಿಸಿ. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳ ದಂಗೆ, ಅದಕ್ಕೆ ಸರ್ಕಾರದ ಹೆದರಿಕೆ, ಅದರಿಂದ ನಿಶ್ಶಸ್ತ್ರೀಕರಣದ ಕಾನೂನು. ದಂಗೆ ಅಡಗಿದ ಮೇಲೆ ಹಿಡಿದವರಲ್ಲಿ ಹಲವರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದ್ದು. ಕೊನೆಯ ಐದು ನಿಮಿಷಕ್ಕೆ: "ಹಲಗಲಿ ಬೇಡರು ದಂಗೆ ಎದ್ದದ್ದಕ್ಕೆ ಎರಡು ಕಾರಣ ಬರೆಯಿರಿ, ಪ್ರತಿ ಕಾರಣಕ್ಕೆ ಇಂದು ನೋಡಿದ ಒಂದು ಸಾಕ್ಷಿ ಕೊಡಿ."

ಕಥೆಯನ್ನು ನಡುವೆ ನಿಲ್ಲಿಸುವುದು

ನಾಟಕ ಮಾಡಿಸಿದರೆ ಪಾಠ ರಸವತ್ತಾಗುತ್ತದೆ ಅಂತ ನಂಬಿಕೆ. ವೇಷ, ಕತ್ತಿ, ಕಿರೀಟದಲ್ಲಿ ಪೀರಿಯಡ್ ಹೋಗುತ್ತದೆ, ಮೂವರು ಮಾತಾಡುತ್ತಾರೆ, ನಲವತ್ತು ಜನ ನೋಡುತ್ತಾರೆ. ಅದರ ಬದಲು, ಕಥೆಯನ್ನು ತೀರ್ಮಾನದ ಹೊತ್ತಿಗೆ ನಿಲ್ಲಿಸಿ ಎಲ್ಲರ ಕೈಯಲ್ಲೂ ತೀರ್ಮಾನ ಬರೆಸಿ.

ಅಸಹಕಾರ, ಕಾನೂನುಭಂಗದ ಪಾಠಕ್ಕೆ ಉತ್ತರ ಕನ್ನಡದ ಕರನಿರಾಕರಣೆ ತೆಗೆದುಕೊಳ್ಳಿ. 1930ರ ನಂತರ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟದೆ ನಿಂತರು. ಮಕ್ಕಳಿಗೆ ಹೇಳಿ: ನೀನು ಸಿದ್ದಾಪುರದ ಸಣ್ಣ ರೈತ. ಮನೆಯಲ್ಲಿ ಆರು ಜನ. ಕಂದಾಯ ಕಟ್ಟದಿದ್ದರೆ ಜಮೀನು ಹರಾಜು. ಪಕ್ಕದ ಮನೆಯವರು ಕಟ್ಟುವುದಿಲ್ಲ ಅಂದಿದ್ದಾರೆ. ನೀನು ಏನು ಮಾಡುತ್ತೀ? ಯಾಕೆ? ಎರಡು ಸಾಲು ಬರೆ.

"ಕಟ್ಟುತ್ತೇನೆ" ಅಂತ ಬರೆದ ಮಗುವನ್ನು ಯಾರೂ ಹೇಡಿ ಅನ್ನಬಾರದು. ಆ ಮಗು ಮನೆಯ ಆರು ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಆಮೇಲೆ ನಡೆದದ್ದನ್ನು ಹೇಳಿ. ತುಂಬಾ ಜನ ಜಮೀನು ಕಳೆದುಕೊಂಡರು, ಆದರೂ ಬಗ್ಗಲಿಲ್ಲ. ಹರಾಜಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಸತ್ಯಾಗ್ರಹ ಕೂತರು. ತಾವು ಬರೆದ ಎರಡು ಸಾಲಿನ ಪಕ್ಕದಲ್ಲಿಟ್ಟು ನೋಡಿದಾಗ ತ್ಯಾಗ ಅನ್ನುವುದರ ತೂಕ ಮಕ್ಕಳಿಗೆ ತಿಳಿಯುತ್ತದೆ.

ಲೆಕ್ಕ ಹೊಂದದ ಕಡೆಯೂ ಹೀಗೇ ನಿಲ್ಲಿಸಬಹುದು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತರ ಆಸುಪಾಸು, ಜನರ ಲೆಕ್ಕದಲ್ಲಿ ಮೂವತ್ತು ದಾಟುತ್ತದೆ. ಯಾರು ಎಣಿಸಿದರು? ಹೇಗೆ ಎಣಿಸಿದರು? ಕಡಿಮೆ ಹೇಳಿದರೆ ಯಾರಿಗೆ ಅನುಕೂಲ? ಈ ಮೂರು ಪ್ರಶ್ನೆ ಒಂದು ಪೀರಿಯಡ್‌ಗೆ ಸಾಕು.

ಊರಿನ ಕಲ್ಲು

ಪ್ರವಾಸ ಅಂದರೆ ಹಂಪಿ, ಬಾದಾಮಿಯೇ ಆಗಬೇಕಾಗಿಲ್ಲ. ನಮ್ಮಲ್ಲಿ ವೀರಗಲ್ಲು ಇಲ್ಲದ ಸೀಮೆ ಕಡಿಮೆ. ಕೆರೆ ಏರಿ ಮೇಲೆ, ಗುಡಿ ಹಿಂದೆ, ಹೊಲದ ಬದುವಿನಲ್ಲಿ ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗಿನ ಹಂತದಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹಿಡಿಯಲು ಬಂದವರ ಜೊತೆಗಿನ ಕಾಳಗ.

ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಲ್ಲು ಆರಿಸಿ. ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ: ಹೊಲದವರ ಒಪ್ಪಿಗೆ, ಮುಳ್ಳು, ಹಾವಿನ ಪೊದೆ, ಪೂಜೆ ನಡೆಯುವ ಕಲ್ಲಾ ಅನ್ನುವುದು. ಬೆಳಗ್ಗೆ ಬೇಗ ಅಥವಾ ಸಂಜೆ ಓರೆ ಬಿಸಿಲಿರುವಾಗ ಕೆತ್ತನೆ ಚೆನ್ನಾಗಿ ಕಾಣುತ್ತದೆ, ನೆತ್ತಿ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಕಲ್ಲಿಗೆ ಚಾಕ್‌ಪೀಸ್, ಎಣ್ಣೆ, ಬಣ್ಣ ಯಾವುದೂ ಬಳಿಯಬಾರದು. ಮಕ್ಕಳು ನೋಡಿ ಚಿತ್ರ ಬರೆಯಲಿ. ಫೋಟೋ ತೆಗೆದರೆ ಒಂದು ನಿಮಿಷ, ಚಿತ್ರ ಬರೆದರೆ ಇಪ್ಪತ್ತು ನಿಮಿಷ ಕಲ್ಲನ್ನು ನೋಡಲೇಬೇಕಾಗುತ್ತದೆ.

ಇಸವಿಗಳಿಗೆ ಒಂದು ಹಗ್ಗ ಸಾಕು. ನೂರು ವರ್ಷಕ್ಕೆ ಒಂದು ಗೇಣು ಲೆಕ್ಕ ಇಟ್ಟು ಗೋಡೆಗೆ ಕಟ್ಟಿ. ಹಲ್ಮಿಡಿ ಶಾಸನ ಸುಮಾರು 450, ಐಹೊಳೆ 634, ಆತಕೂರು 949, ವಿಜಯನಗರ 1336, ತಾಳಿಕೋಟೆ 1565, ಶ್ರೀರಂಗಪಟ್ಟಣ ಬಿದ್ದದ್ದು 1799. ಪಾಠ ಮುಗಿದ ಹಾಗೆ ಒಂದೊಂದು ಚೀಟಿ ಸೇರಲಿ, ನಿಮ್ಮ ಊರಿನ ಕಲ್ಲಿನದೂ ಸೇರಲಿ. ಬ್ರಿಟಿಷರ ಕಾಲ ಬರೀ ಎರಡು ಗೇಣು ಅಂತ ಕಂಡಾಗ ಮಕ್ಕಳಿಗೆ ಆಶ್ಚರ್ಯವಾಗುತ್ತದೆ.

ಜಗಳ ಬರುವ ಪಾಠಗಳು

ಟಿಪ್ಪು ಪಾಠ ಬಂದರೆ ಎಷ್ಟೋ ಶಿಕ್ಷಕರು ಗಡಿಬಿಡಿಯಲ್ಲಿ ಓದಿ ಮುಗಿಸುತ್ತಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಮಕ್ಕಳು ಫೋನಿನಲ್ಲಿ ನೋಡಿದ್ದನ್ನು ಹಿಡಿದುಕೊಂಡೇ ಕ್ಲಾಸಿಗೆ ಬಂದಿರುತ್ತಾರೆ. ನಾವು ಮಾತಾಡದಿದ್ದರೆ ಫೋನಿನ ಮಾತೇ ಉಳಿಯುತ್ತದೆ.

"ಟಿಪ್ಪು ಒಳ್ಳೆಯವನಾ, ಕೆಟ್ಟವನಾ" ಅನ್ನುವ ಚರ್ಚೆ ಬೇಡವೇ ಬೇಡ, ಕೈ ಎತ್ತಿಸಿ ಎಣಿಸುವುದಂತೂ ಖಂಡಿತ ಬೇಡ. ದಾಖಲೆಯಿಂದ ಶುರು ಮಾಡಿ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ದೋಚಿದ ಮೇಲೆ ಟಿಪ್ಪು ಮಠಕ್ಕೆ ಪತ್ರ ಬರೆದು ನೆರವು ಕಳಿಸಿದ ದಾಖಲೆ ಇದೆ. ಕೊಡಗಿನ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ದಾಖಲೆಯೂ ಇದೆ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಬರೆದದ್ದು? ಒಬ್ಬನೇ ದೊರೆ ಎರಡನ್ನೂ ಮಾಡಿರಲು ಸಾಧ್ಯವಾ? ಆ ಕಾಲದ ಬೇರೆ ದೊರೆಗಳು ಏನು ಮಾಡುತ್ತಿದ್ದರು? ಇಂಥ ಪಾಠದ ಯೋಜನೆಯನ್ನು ಹೆಡ್‌ಮಾಸ್ಟರಿಗೆ ಮೊದಲೇ ತೋರಿಸಿ, ಪಠ್ಯಪುಸ್ತಕದ ಪುಟಕ್ಕೆ ಅದು ಹೇಗೆ ಸೇರುತ್ತದೆ ಅಂತ ಬರೆದಿಡಿ.

ಜಾತಿಯ ವಿಷಯ ಇನ್ನೂ ಸೂಕ್ಷ್ಮ. ಯಾವ ಮಗುವನ್ನೂ ಅದರ ಜಾತಿಯ ಪರವಾಗಿ ಮಾತಾಡಲು ಎಬ್ಬಿಸಬೇಡಿ. "ನಿಮ್ಮ ಕಡೆಯವರು ಹೇಗಿದ್ದರು ಹೇಳಪ್ಪಾ" ಅನ್ನುವ ಒಂದು ಮಾತು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಸ್ಪೃಶ್ಯತೆಯನ್ನು ಅಭಿನಯ ಮಾಡಿಸಲೇಬೇಡಿ, ಎಷ್ಟೇ ಒಳ್ಳೆಯ ಉದ್ದೇಶ ಇದ್ದರೂ. ಕಾನೂನು, ಪತ್ರ, ಭಾಷಣ, ನೀರಿನ ಕೆರೆಗಾಗಿ ನಡೆದ ಹೋರಾಟ, ಇವುಗಳ ಮೂಲಕ ಹೇಳಿ.

"ಸರ್, ಇದು ಪರೀಕ್ಷೆಗೆ ಬರುತ್ತಾ?"

ಕೇಳೇ ಕೇಳುತ್ತಾರೆ. ಅವರದು ತಪ್ಪಲ್ಲ, ಎಸ್‌ಎಸ್‌ಎಲ್‌ಸಿ ಎದುರಿಗಿದೆ. "ಬರುತ್ತೆ, ಹೇಗೆ ಅಂತ ತೋರಿಸ್ತೀನಿ" ಅನ್ನಿ.

ಹಲಗಲಿಯ ಪೀರಿಯಡ್‌ನಲ್ಲಿ ಬರೆಸಿದ ಎರಡು ಕಾರಣಗಳನ್ನು ಮರುದಿನ ಅಂಶಗಳಾಗಿ ಬೋರ್ಡಿನ ಮೇಲೆ ಜೋಡಿಸಿ. ಪುಸ್ತಕದ ಅಂಶಗಳ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಿ. ಪೂರ್ತಿ ಅಂಕದ ಉತ್ತರ ಮಕ್ಕಳ ಮಾತಿನಿಂದಲೇ ತಯಾರಾಗುತ್ತದೆ. ನಿಮ್ಮ ನೋಟ್ಸ್ ಬರೆಸುವ ಕೆಲಸ ಅಷ್ಟರ ಮಟ್ಟಿಗೆ ಕಡಿಮೆ. ಆಂತರಿಕ ಮೌಲ್ಯಮಾಪನದ 20 ಅಂಕಕ್ಕೂ ವೀರಗಲ್ಲಿನ ಚಿತ್ರ, ಅಜ್ಜಿಯ ಜೊತೆಗಿನ ಸಂದರ್ಶನ, ಊರಿನ ರಾಜ್ಯ ಬದಲಾದ ಕಥೆ ಒಳ್ಳೆಯ ಚಟುವಟಿಕೆಗಳು. ಅಂಗಡಿಯಿಂದ ಚಿತ್ರದ ಚಾರ್ಟ್ ತಂದು ಅಂಟಿಸಿದ ಪ್ರಾಜೆಕ್ಟಿಗಿಂತ ಇವುಗಳನ್ನು ನೋಡುವುದು ನಿಮಗೂ ಖುಷಿ.

ಪೀರಿಯಡ್ ಮುಗಿದ ದಿನವೇ ಯೋಜನೆಯ ಪುಟದ ಕೆಳಗೆ ಎರಡು ಸಾಲು ಬರೆದಿಡಿ: ಎಲ್ಲಿ ಮಾತು ಎದ್ದಿತು, ಎಲ್ಲಿ ಸಪ್ಪೆಯಾಯಿತು. ಸಾಕ್ಷಿಯ ಹಾಳೆ, ಆ ಎರಡು ಸಾಲು, ಒಂದೆರಡು ಮಕ್ಕಳ ಉತ್ತರದ ಪ್ರತಿ, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಮಕ್ಕಳ ಹೆಸರು ಮುಚ್ಚಿಡಿ. ಮುಂದಿನ ಸಮಾಲೋಚನಾ ಸಭೆಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ, ಪಕ್ಕದ ಊರಿನ ಶಿಕ್ಷಕರಿಗೆ ಒಂದು ಜೆರಾಕ್ಸ್ ಕೊಡಿ, ಅವರ ಊರಿನ ಕಲ್ಲಿನ ಬಗ್ಗೆ ಒಂದು ಹಾಳೆ ಕೇಳಿ ತನ್ನಿ.